ಹಳೇ ಬೋರ್ಡಿನ ಪ್ಯಾಕೇಜು, ಮಜ್ಜಿಗೆ ಅವ್ವನ ದನಿ

ಆಗ ನನಗೆ ಎರಡೇ ವಿದ್ಯೆ ಬರುತ್ತಿದ್ದವು. ಒಂದು, ಯಾರ ದನಿಯನ್ನಾದರೂ ಸ್ವಲ್ಪ ಹೊತ್ತು ಕೇಳಿದರೆ ಅದನ್ನು ಅವರಿಗೇ ತಿರುಗಿಸಿ ಒಪ್ಪಿಸುವುದು. ಇನ್ನೊಂದು, ಕಂಪ್ಯೂಟರಿನ ಮುಂದೆ ಕೂತು ಎಲ್ಲ ಗೊತ್ತಿದ್ದವನ ಮುಖ ಮಾಡಿ ಗುಂಡಿ ಒತ್ತುವುದು. ಎರಡನೆಯದಕ್ಕೆ ಎಂಜಿನಿಯರಿಂಗ್ ಎಂದು ಹೆಸರು. ಕಾಲೇಜಿನವರು ಮಾತ್ರ ಇನ್ನೂ ಒಪ್ಪಿರಲಿಲ್ಲ, ಒಂದೆರಡು ವಿಷಯ ಬಾಕಿ ಇಟ್ಟುಕೊಂಡಿದ್ದರು. ಹಂಪಿಯಲ್ಲಿ ಗೈಡುಗಳ ಹಿಂದೆ ತಿರುಗಿ, ಅವರ ಇಂಗ್ಲಿಷನ್ನು ಅವರ ಮುಂದೆಯೇ ಅಣಕಿಸಿ ಒದೆ ತಿನ್ನುವ ಬದಲು ಏನಾದರೂ ಕೆಲಸ ಕಲಿಯಲಿ ಎಂದು ಅವ್ವ ನನ್ನನ್ನು ಹೊಸಪೇಟೆಯಲ್ಲಿದ್ದ ತನ್ನ ತಮ್ಮನ ಅಂಗಡಿಗೆ ಅಟ್ಟಿದಳು.

ಈ ಮಾವ ರೇಡಿಯೊ ರಿಪೇರಿಯಿಂದ ಶುರುಮಾಡಿದವನು. ಟೇಪ್ ರೆಕಾರ್ಡರು, ಟಿವಿ ಎಲ್ಲ ದಾಟಿ ಈಗ ಬೋರ್ಡುಗಳಿಗೆ ಬಂದು ನಿಂತಿದ್ದ. ಬೋರ್ಡೆಂದರೆ ಅಂಗೈಯಗಲದ ಹಸಿರು ಹಲಗೆ, ಅದರ ಮೇಲೊಂದು ಚಿಪ್. ಹೇಳಿಕೊಟ್ಟಷ್ಟೇ ಬುದ್ಧಿ, ನನ್ನ ಹಾಗೆ. ಕಮಲಾಪುರದ ಬಾಳೆತೋಟಗಳಲ್ಲಿ ಕರೆಂಟು ಬಂದೊಡನೆ ಮೋಟ್ರು ತಾನೇ ಚಾಲೂ ಆಗಲು ಮಾವ ಅಂಥವನ್ನು ಕೂರಿಸಿ ಹೆಸರು ಮಾಡಿದ್ದ.

ಅಂಗಡಿಯಲ್ಲಿ ಅವನದೊಂದು ಕಟ್ಟಳೆ ಇತ್ತು. ಹೊಸ ಪಾರ್ಟು ಹಾಕಿದ ಮೇಲೆ ಅದು ಓಡುವುದನ್ನು ಕಣ್ಣಾರೆ ಕಾಣುವ ತನಕ ಹಳೆಯದನ್ನು ಎಸೆಯುವಂತಿಲ್ಲ. ಹಾಗಾಗಿ ಕಪಾಟಿನ ತುಂಬ ಬಿಸ್ಕತ್ತಿನ ಡಬ್ಬಿಗಳು, ಡಬ್ಬಿಗಳ ತುಂಬ ಸತ್ತ ಪಾರ್ಟುಗಳು. ಯಾರದೋ ರೇಡಿಯೊ ಹೊಸ ವಾಲ್ವಿನಿಂದ ಹಾಡುತ್ತ ಹಾಡುತ್ತ ಮುದಿಯಾಗಿ ಗುಜರಿಗೆ ಹೋಗಿತ್ತು, ಅದರ ಹಳೆಯ ವಾಲ್ವು ಮಾತ್ರ ಇನ್ನೂ ಡಬ್ಬಿಯಲ್ಲಿ ಜಾಮೀನಿನ ಮೇಲಿತ್ತು.

ಒಂದು ದಿನ ಕಂಪ್ಲಿಯ ಕಡೆಯ ಲಾರಿ ಡ್ರೈವರೊಬ್ಬ ಅಂಗಡಿಗೆ ಬಂದ. ಸ್ವಂತ ಲಾರಿ. ಸಂಡೂರಿನ ಕಡೆಯಿಂದ ಅದಿರು ತುಂಬಿ ಗಾದಿಗನೂರಿನ ಹತ್ತಿರದ ಯಾರ್ಡಿಗೆ ಸುರಿಯುವ ಕೆಲಸ. ಆ ದಿನಗಳಲ್ಲಿ ಊರಿನ ಅರ್ಧ ಜನ ಲಾರಿಯಲ್ಲಿದ್ದರು, ಉಳಿದರ್ಧ ಲಾರಿಯ ಧೂಳಿನಲ್ಲಿದ್ದರು. ನಮ್ಮ ಕೀಬೋರ್ಡನ್ನು ಬೆಳಿಗ್ಗೆ ಒರೆಸಿದರೆ ಬಟ್ಟೆ ಕುಂಕುಮ ಹಚ್ಚಿದಂತೆ ಕೆಂಪಾಗುತ್ತಿತ್ತು.

"ರಿವರ್ಸಿಗೊಂದು ಹಾರ್ನು ಬೇಕ್ರಿ," ಅಂದ ಡ್ರೈವರಣ್ಣ.

"ಬಜಾರಿನಾಗ ಸಿಗ್ತಾವಲ್ರಿ, ಕೀಂ ಕೀಂ ಅನ್ನೋವು," ಅಂದ ಮಾವ.

"ಯಾರ್ಡಿನಾಗ ಎಲ್ಲಾ ಗಾಡೀನೂ ಕೀಂ ಕೀಂ ಅಂತಾವ್ರಿ. ಯಾರೂ ತಿರುಗಿ ನೋಡಂಗಿಲ್ಲ. ನಂಗ ಮಾತಾಡೋ ಹಾರ್ನು ಬೇಕು. ಮನುಷ್ಯಾ ಒದರಿದಂಗ ಇರಬೇಕು."

ಆಮೇಲೆ ದನಿ ಇಳಿಸಿ ಉಳಿದದ್ದನ್ನು ಹೇಳಿದ. ಹೋದ ತಿಂಗಳು ಯಾರ್ಡಿನಲ್ಲಿ ಲಾರಿ ಹಿಂದಕ್ಕೆ ತರುವಾಗ, ಅಲ್ಲಿ ಮಜ್ಜಿಗೆ ಮಾರುವ ಮುದುಕಿ ಹಿಂದೆ ಕೂತಿದ್ದಳಂತೆ. ಕ್ಲೀನರು ಕೂಗಿದ್ದು ಅದಿರು ಎತ್ತುವ ಲೋಡರಿನ ಸದ್ದಿನಲ್ಲಿ ಇವನಿಗೂ ಕೇಳಲಿಲ್ಲ, ಅವಳಿಗೂ ಕೇಳಲಿಲ್ಲ. ಕೊನೆಗೆ ಅವಳೇ ನೋಡಿ ಒದರಿದಳು. ಆ ಒದರಾಟಕ್ಕೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಮುದುಕಿ ಉಳಿದಳು, ಅವಳ ಅಲ್ಯೂಮಿನಿಯಂ ಕೊಡ ಹಪ್ಪಳವಾಯಿತು.

"ಅವತ್ತಿಂದ ರಿವರ್ಸ್ ಗೇರು ಅಂದ್ರ ಅಂಜಿಕಿ ಆಗ್ತೈತ್ರಿ. ಪ್ರತಿ ಸಲ ಇಳಿದು ಹಿಂದ ನೋಡಿ ಬರ್ತೀನಿ. ಹತ್ತೋದ್ರಾಗ ಯಾರರ ಬಂದು ಕುಂತ್ರ ಅಂತ ಮತ್ತ ಇಳೀತೀನಿ. ಹಿಂದ ಸಾಲು ನಿಂತೋರು ಬಾಯಿಗೆ ಬಂದಂಗ ಬೈತಾರ. ಗಾಡಿ ಈಗ ಗ್ಯಾರೇಜಿನಾಗೈತಿ. ಸೋಮವಾರ ಮತ್ತ ಲೈನಿಗೆ ಬಿಡಬೇಕು. ಇದೊಂದು ಆಗಲಿಲ್ಲಂದ್ರ ಕೀಲಿ ನಮ್ಮ ಭಾವನ ಕೈಗೆ ಕೊಟ್ಟು ಕಂಪ್ಲಿ ರೈಸ್‌ಮಿಲ್ಲಿಗೆ ಹೋಗಿಬಿಡ್ತೀನ್ರಿ. ಅಲ್ಲಿ ಮೂಟಿ ಹೊರಾಕ ರಿವರ್ಸ್ ಗೇರು ಬೇಕಿಲ್ಲ."

ನಗೆಚಾಟಿಕೆಯ ಹಾಗೆಯೇ ಹೇಳಿದ. ನಾನು ಅಲ್ಲೇ ಅವನು ಇಳಿದು ಹತ್ತುವುದನ್ನು ಅಣಕಿಸಲು ಎದ್ದವನು, ಯಾಕೋ ಮತ್ತೆ ಕೂತೆ.

ಯಾರ ದನಿ ಹಾಕೋಣ ಎಂಬ ಪ್ರಶ್ನೆ ಬಂತು. ಇದು ನನ್ನ ಇಲಾಖೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗುವವನ ದನಿಯಲ್ಲಿ "ಸರೀರಿ, ಸರೀರಿ" ಅಂದೆ. ಡ್ರೈವರಣ್ಣ ತಲೆ ಅಲ್ಲಾಡಿಸಿದ. ನಮ್ಮ ಕಾಲೇಜಿನ ಪ್ರಿನ್ಸಿಪಾಲರ ದನಿ ಮಾಡಿದೆ. ಅದಕ್ಕೆ ಮಾವ, "ಅವರು ಹೇಳಿದ್ದನ್ನ ನೀನ ಕೇಳಲಿಲ್ಲ, ಯಾರ್ಡಿನ ಮಂದಿ ಕೇಳ್ತಾರೇನಲೇ?" ಅಂದ. ಕೊನೆಗೆ ಡ್ರೈವರಣ್ಣನೇ ಹೇಳಿದ: "ಆ ಮಜ್ಜಿಗೆ ಅವ್ವನ ದನೀನ ಮಾಡು. ಲೋಡರಿನ ಸದ್ದು ಸೀಳಿಕೊಂಡು ಬರೋದು ಅದೊಂದ."

ಮಾವನ ಮೊಪೆಡ್ಡಿನಲ್ಲಿ ಯಾರ್ಡಿಗೆ ಹೋಗಿ, ಹೊಟ್ಟೆ ತುಂಬ ಮಜ್ಜಿಗೆ ಕುಡಿದು, ಅವಳು ಗಿರಾಕಿಗಳನ್ನೂ ನಾಯಿಗಳನ್ನೂ ಒಂದೇ ರಾಗದಲ್ಲಿ ಬೈಯುವುದನ್ನು ಕೇಳಿಸಿಕೊಂಡು ಬಂದೆ. ಮೊದಲ ಪದವನ್ನು ಮೇಲಿನಿಂದ ಬೀಳಿಸುತ್ತಿದ್ದಳು, ಕಡೆಯದನ್ನು ಹಲ್ಲಿಲ್ಲದ ಸಂದಿಯಲ್ಲಿ ಎಳೆಯುತ್ತಿದ್ದಳು. ಸಂಜೆಗೆ ಅಂಗಡಿಯಲ್ಲಿ ಕೂತು ರೆಕಾರ್ಡು ಮಾಡಿದೆ: "ಯೇಯ್! ಹಿಂದ ಯಾರದೀರಿ? ಸರೀರಿ, ಗಾಡಿ ಬರಾಕತ್ತೈತಿ!" ಪಕ್ಕದ ಸೈಕಲ್ ಅಂಗಡಿಯವನು ಪಂಪು ಬಿಟ್ಟು ಎದ್ದು ನಿಂತ. ಇದೇ ಸರಿ ಅಂದುಕೊಂಡೆವು.

ಇನ್ನು ಬೋರ್ಡು. ಮೋಟ್ರಿನ ಹಳೇ ಬೋರ್ಡಿಗೆ ದನಿ ತುಂಬಿಕೊಳ್ಳುವಷ್ಟು ಹೊಟ್ಟೆ ಇರಲಿಲ್ಲ. ಮಾವ ಕೊರಿಯರಿನಲ್ಲಿ ದೊಡ್ಡ ಬೋರ್ಡು ತರಿಸಿದ. ಅದರ ಜೊತೆ ಒಂದು ಸಿಡಿ ಬಂತು. ಅದರಲ್ಲಿದ್ದದ್ದು ಬೋರ್ಡ್ ಸಪೋರ್ಟ್ ಪ್ಯಾಕೇಜು. ಹೆಸರು ಕೇಳಿದರೆ ಸರ್ಕಾರಿ ಪರಿಹಾರದ ಹಾಗಿದೆ, ಕೆಲಸ ಬೇರೆ. ನಾವು ಬರೆದ ಪ್ರೋಗ್ರಾಮಿಗೆ ಈ ಬೋರ್ಡಿನ ಕೈ ಎಲ್ಲಿದೆ, ಕಾಲು ಎಲ್ಲಿದೆ, ಇದರ ನಾಡಿ ಎಷ್ಟು ಜೋರಾಗಿ ಬಡಿಯುತ್ತದೆ ಎಂದು ಅದು ತಿಳಿಸುತ್ತದೆ. ಪ್ರತಿ ಜಾತಿಯ ಬೋರ್ಡಿಗೂ ಅದರದೇ ಪ್ಯಾಕೇಜು ಬೇಕು. ನಮ್ಮ ಕಂಪ್ಯೂಟರಿನಲ್ಲಿ ಆಗಲೇ ಹಳೇ ಬೋರ್ಡಿನದು ಮನೆ ಮಾಡಿಕೊಂಡಿತ್ತು.

"ಹಳೇದು ತಗದು ಹೊಸದು ಹಾಕ್ಲೇನು ಮಾವ?"

"ಹೊಸದು ಓಡಿದ ಮ್ಯಾಲೆ ಹಳೇದರ ಮಾತು," ಅಂದ ಮಾವ. ಕಟ್ಟಳೆ ಕಟ್ಟಳೆಯೇ.

ಹಳೆಯದರ ಮೇಲೆಯೇ ಹೊಸದನ್ನು ಹಾಕಿದೆ. ಪರದೆಯ ಮೇಲೆ ನೀಲಿ ಪಟ್ಟಿ ಬಸುರಿಯ ಹಾಗೆ ನಿಧಾನಕ್ಕೆ ನಡೆದು ಕೊನೆ ಮುಟ್ಟಿತು. ಪ್ರೋಗ್ರಾಮಿನಲ್ಲಿ ಒಂದೂ ತಪ್ಪಿಲ್ಲವೆಂದು ಕಂಪ್ಯೂಟರು ಹೇಳಿತು. ದನಿಯನ್ನು ಬೋರ್ಡಿಗೆ ಇಳಿಸಿ, ಸ್ಪೀಕರು ಸಿಕ್ಕಿಸಿ, ಮಾವನನ್ನೂ ಸೈಕಲ್ ಅಂಗಡಿಯವನನ್ನೂ ಕರೆದು ನಿಲ್ಲಿಸಿ ಗುಂಡಿ ಒತ್ತಿದೆ.

ಕೀಚು ಕೀಚು ಕೀಚು ಎಂದು ಏನೋ ಹಾರಿಹೋಯಿತು. ಬಾಲಕ್ಕೆ ಬೆಂಕಿ ಬಿದ್ದ ಇಲಿಯೊಂದು ಹರಿಕಥೆ ಹೇಳಿದಂತಿತ್ತು. ಸೈಕಲ್ ಅಂಗಡಿಯವನು ಕೂತು ನಕ್ಕ. ಮಾವ ಗೋಡೆ ಹಿಡಿದು ನಕ್ಕ. ಊರನ್ನೆಲ್ಲ ಅಣಕಿಸುತ್ತಿದ್ದ ನನ್ನನ್ನು ಮೊದಲ ಸಲ ಒಂದು ಹಲಗೆ ಅಣಕಿಸಿತ್ತು, ಅದೂ ನನಗಿಂತ ಚೆನ್ನಾಗಿ.

ಹುಡುಕುತ್ತ ಹೋದಾಗ ಕಾರಣ ಸಿಕ್ಕಿತು. ಹೊಸ ಬೋರ್ಡಿನ ನಾಡಿ ಹಳೆಯದರ ಎರಡರಷ್ಟು ವೇಗ. ಆದರೆ ಪ್ರೋಗ್ರಾಮು ನಾಡಿಯ ಲೆಕ್ಕ ಕೇಳಿದಾಗ, ಬಾಗಿಲಲ್ಲೇ ಕೂತಿದ್ದ ಹಳೇ ಪ್ಯಾಕೇಜು ತನ್ನ ಕಾಲದ ಲೆಕ್ಕವನ್ನೇ ಹೇಳಿ ಕಳಿಸುತ್ತಿತ್ತು. ಹೊಸದು ಒಳಮನೆಯಲ್ಲಿ ಸುಮ್ಮನೆ ಕೂತಿತ್ತು. ಹಾಗಾಗಿ ದನಿ ಎರಡರಷ್ಟು ವೇಗದಲ್ಲಿ ಓಡಿ ಇಲಿಯಾಗುತ್ತಿತ್ತು.

"ಮಾವ, ಹಳೇದು ಎದ್ದು ಹೋಗೋ ತನಕ ಹೊಸದು ಓಡಂಗಿಲ್ಲ."

"ಇದೆಂಥಾ ಉಲ್ಟಾ ಕಾರಭಾರಲೇ! ಅದನ್ನ ತಗದ್ರ ಕಮಲಾಪುರದ ಮೋಟ್ರು ನಿಂತ್ರ? ಬಾಳಿ ಒಣಗಿದ್ರ ನನ್ನ ಕಡದು ಅದಕ್ಕ ಗೊಬ್ಬರ ಹಾಕ್ತಾರ."

"ನಿಲ್ಲಂಗಿಲ್ಲ ಮಾವ. ಅಲ್ಲಿರೋ ಬೋರ್ಡಿಗೆ ಹೇಳೋದೆಲ್ಲಾ ಹೇಳಿ ಕಳಿಸೀವಿ. ಇದು ಪಾಠದ ಪುಸ್ತಕ ಅಷ್ಟ. ಪುಸ್ತಕ ಮುಚ್ಚಿದ್ರ ಪಾಸಾದ ಹುಡುಗ ಫೇಲ್ ಆಗ್ತಾನೇನು?"

"ಪಾಸಾದ ಹುಡುಗನ ಸುದ್ದಿ ನೀ ಹೇಳಬ್ಯಾಡ."

ನಾನು ಹಳೇ ಪ್ಯಾಕೇಜನ್ನು ಒಂದು ಖಾಲಿ ಸಿಡಿಗೆ ಇಳಿಸಿ, ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ವಾಲ್ವುಗಳ ಪಕ್ಕ ಮಲಗಿಸಿ ತೋರಿಸಿದೆ. ಬೇಕಾದಾಗ ಮತ್ತೆ ಎಬ್ಬಿಸಬಹುದು ಅಂದೆ. ಮಾವ ಅರ್ಧ ಒಪ್ಪಿದ. ಉಳಿದರ್ಧಕ್ಕೆ ಒಂದು ಷರತ್ತು ಹಾಕಿದ. ನಾನು ತೆಗೆಯುವ ಗುಂಡಿ ಒತ್ತುವ ಹೊತ್ತಿಗೆ ಅವನು ಕಮಲಾಪುರದ ತೋಟದ ಯಜಮಾನನ ಜೊತೆ ಫೋನಿನಲ್ಲಿ ಇರಬೇಕು.

ಮಾವ ಫೋನು ಹಚ್ಚಿ ನನಗೆ ಕಣ್ಸನ್ನೆ ಮಾಡಿದ. ನಾನು ಒತ್ತಿದೆ. ನೀಲಿ ಪಟ್ಟಿ ಈ ಸಲ ಹಿಂದಕ್ಕೆ ನಡೆಯಿತು.

"ಮೋಟ್ರು ನಡದೈತೇನ್ರಿ?" ಅಂದ ಮಾವ.

ಆ ಕಡೆಯ ಯಜಮಾನನ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು. "ನಡದೈತಿ. ಯಾಕ?"

"ಈಗ?"

"ಈಗೂ ನಡದೈತಿ. ಏನಾಗಬೇಕಿತ್ತೋ ಮಾರಾಯ?"

"ಏನಿಲ್ರಿ, ಆರಾಮ ಐತೇನು ಅಂತ ಕೇಳಾಕ."

"ಮೋಟ್ರಿನ ಆರಾಮ ಕೇಳಿದಿ, ನಂದು ಕೇಳಲಿಲ್ಲಲ್ಲೋ!"

ಮಾವ ಫೋನಿಟ್ಟು, ಹಣೆಯ ಬೆವರು ಒರೆಸಿ, ಇನ್ನು ಹೊಸದನ್ನು ಓಡಿಸು ಅಂದ. ಓಡಿಸಿದೆ. ಪರದೆಯ ತುಂಬ ಕೆಂಪಕ್ಷರ. ಅದು ಸಿಗಲಿಲ್ಲ, ಇದು ಸಿಗಲಿಲ್ಲ ಎಂದು ಕಂಪ್ಯೂಟರು ದೂರಿನ ಮೇಲೆ ದೂರು ಹೇಳಿತು. ಇಲಿಯ ಕೀಚು ಕೂಡ ಇಲ್ಲ. ಇದಕ್ಕೆ ಸರಿಯಾಗಿ ಡ್ರೈವರಣ್ಣ ಬಾಗಿಲಿಗೆ ಬಂದು ನಿಂತ. ಭಾನುವಾರ ಮಧ್ಯಾಹ್ನ.

"ಆತೇನ್ರಿ?"

ಮಾವ ನನ್ನ ಕಡೆ ನೋಡಿದ. "ಹಳೇದೂ ಹೋತು, ಹೊಸದೂ ಬರಲಿಲ್ಲ," ಅಂದ.

ಡ್ರೈವರಣ್ಣ ಸ್ಟೂಲಿನ ಮೇಲೆ ಕೂತು, ಲಾರಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸತೊಡಗಿದ. ಅದು ಭಾವನ ಕೈ ಹುಡುಕುತ್ತಿರುವ ಕೀಲಿಯ ಹಾಗೆ ಕಂಡಿತು. ನನಗೆ ಜೋಕು ಹೊಳೆಯಲಿಲ್ಲ. ಅಂಥ ದಿನಗಳು ಕಡಿಮೆ.

ಕೆಂಪಕ್ಷರಗಳನ್ನು ಒಂದೊಂದಾಗಿ ಓದಿದೆ, ಈ ಸಲ ಗೊತ್ತಿದ್ದವನ ಮುಖ ಮಾಡದೆ. ಆಗ ಅರ್ಥವಾಯಿತು. ಎರಡೂ ಪ್ಯಾಕೇಜು ಒಂದೇ ಮನೆಯಲ್ಲಿದ್ದಾಗ ಕೆಲವು ಫೈಲುಗಳನ್ನು ಹಂಚಿಕೊಂಡಿದ್ದವು. ಹಳೆಯದು ಮನೆ ಬಿಡುವಾಗ ಹೊಸದರ ಚಾಪೆ ದಿಂಬನ್ನೂ ಸುತ್ತಿಕೊಂಡು ಹೋಗಿತ್ತು. ಹೋಗುವಾಗ ಗೋಡೆಯ ಮೊಳೆಗಳನ್ನು ಮಾತ್ರ ಬಿಟ್ಟಿತ್ತು: ಒಂದು ಅರೆಖಾಲಿ ಫೋಲ್ಡರು, ಕಂಪ್ಯೂಟರಿಗೆ ಅದರ ಕಡೆಗೇ ಬೆರಳು ತೋರಿಸುವ ಒಂದು ಸಾಲು ವಿಳಾಸ.

"ಮಾವ, ಹೊಸದನ್ನೂ ತಗೀಬೇಕು."

"ಅಂದ್ರ ಈಗ ಅಂಗಡಿಯಾಗ ಹಳೇದೂ ಇಲ್ಲ, ಹೊಸದೂ ಇಲ್ಲ?"

"ಹೊಸದಾಗಿ ಹಾಕೋ ತನಕ ಏನೂ ಇಲ್ಲ."

ಮೂವತ್ತು ವರ್ಷದ ಕಸುಬಿನಲ್ಲಿ ಮಾವ ಅಂಥ ಖಾಲಿ ಗಳಿಗೆ ಕಂಡಿರಲಿಲ್ಲವೆಂದು ತೋರುತ್ತದೆ. ಡ್ರೈವರಣ್ಣನ ಕೈಯ ಕೀಲಿ ನೋಡಿದ, ನನ್ನ ಮುಖ ನೋಡಿದ. ಬಿಸ್ಕತ್ತಿನ ಡಬ್ಬಿಯನ್ನು ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳದ ಮೇಲೆ ಕೈಯಿಟ್ಟ. "ತಗಿ," ಅಂದ.

ತೆಗೆದೆ. ಉಳಿದ ಫೋಲ್ಡರನ್ನು ಅಳಿಸಿದೆ, ವಿಳಾಸದ ಸಾಲನ್ನು ಕಿತ್ತೆ. ಸಿಡಿಯ ಮೇಲಿನ ಕೆಂಪು ಧೂಳನ್ನು ಅಂಗಿಯ ಒಳಮೈಗೆ ಒರೆಸಿ ಮತ್ತೆ ಹಾಕಿದೆ. ನೀಲಿ ಪಟ್ಟಿ ಹೊರಟಿತು. ಮೂವರೂ ಅದನ್ನೇ ನೋಡುತ್ತ ಕೂತೆವು, ಹೆರಿಗೆ ಕೋಣೆಯ ಹೊರಗಿನವರ ಹಾಗೆ. ಕೆಂಪಕ್ಷರ ಬರಲಿಲ್ಲ. ಬೋರ್ಡಿಗೆ ಇಳಿಸಿ ಗುಂಡಿ ಒತ್ತಿದೆ.

"ಯೇಯ್! ಹಿಂದ ಯಾರದೀರಿ?"

ಡ್ರೈವರಣ್ಣನ ಬಲಗಾಲು ಸ್ಟೂಲಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತಿತು.

ಸೋಮವಾರ ಬೆಳಿಗ್ಗೆ ಲಾರಿಯ ಹಿಂದೆ ಸ್ಪೀಕರು ಕಟ್ಟಿಕೊಂಡು ಯಾರ್ಡಿಗೆ ಹೋದೆವು. ಡ್ರೈವರಣ್ಣ ರಿವರ್ಸಿಗೆ ಹಾಕಿದ. ಮಜ್ಜಿಗೆ ಅವ್ವನ ದನಿ ಯಾರ್ಡಿನ ತುಂಬ ಬಿತ್ತು. ಹಿಂದೆ ನಿಂತಿದ್ದವರೆಲ್ಲ ಚಂಗನೆ ಪಕ್ಕಕ್ಕೆ ಹಾರಿದರು. ಆದರೆ ಅವರು ತಿರುಗಿ ನೋಡಿದ್ದು ಲಾರಿಯನ್ನಲ್ಲ, ಅವ್ವನನ್ನು. ಅವಳೋ ಹೊಸ ಕೊಡದ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಡ್ರೈವರಣ್ಣ ಗಾಡಿ ನಿಲ್ಲಿಸಿ ಕೆಳಗಿಳಿದ. ಅವ್ವ ಎದ್ದು ಬಂದಳು. "ಯಾವನಲೇ ನನ್ನ ದನಿ ಮಾಡಿದಾವ?"

ಮಾವ ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಮುಂದೆ ಮಾಡಿದ. ನಾನು ಕೈ ಮುಗಿದೆ. "ನಾನ್ರೀ ಅವ್ವಾರ."

"ಮೊನ್ನೆ ಸುಮ್ಮಸುಮ್ಮನ ಮಜ್ಜಿಗಿ ಕುಡಿಯೋವಾಗ್ಲೇ ಅನ್ಕೊಂಡೆ, ಇವನಿಗೇನೋ ರೋಗ ಐತಿ ಅಂತ. ಇನ್ನೊಮ್ಮೆ ಒದರಿಸು."

ಡ್ರೈವರಣ್ಣ ಹತ್ತಿ ಗೇರು ಹಾಕಿ ಒದರಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟು ಪರೀಕ್ಷೆಯ ಮಾಸ್ತರಂತೆ ಕೇಳಿದಳು. "ದನಿ ಅಡ್ಡಿಯಿಲ್ಲ. ಮಾತಿನಾಗ ಬುದ್ಧಿಲ್ಲ. ಮಂದಿ ನನ್ನ ಮಾರಿ ನೋಡಿದ್ರ ಏನು ಬಂತು? ಗಾಡಿ ನೋಡಬೇಕು. 'ಯೇಯ್, ತಿರುಗಿ ನೋಡ್ರಿ, ಲಾರಿ ಬಂತು' ಅನ್ನಬೇಕು. ನೀ ಬ್ಯಾಡ, ನಾನ ಹೇಳ್ತೀನಿ. ಎಲ್ಲಿ ಹೇಳಬೇಕು?"

ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಮಾವನೇ ಅವಳನ್ನು ಅಂಗಡಿಗೆ ಕರೆತಂದ. ಲಾರಿ ಹಿಂದೆ ಬಂತು. ಒಂದೇ ಏಟಿಗೆ ಹೇಳಿ ಮುಗಿಸಿದಳು. ಪ್ಯಾಕೇಜು ಸರಿಯಾಗಿ ಕೂತಿದ್ದರಿಂದ ದನಿ ಬದಲಿಸುವುದು ಅವಳು ಚಹಾ ಕುಡಿಯುವಷ್ಟರಲ್ಲಿ ಆಯಿತು. ನನ್ನ ರೆಕಾರ್ಡನ್ನು ಅಳಿಸುವಾಗ ಸ್ವಲ್ಪ ಬೇಜಾರಾಯಿತು, ಆದರೆ ಅಸಲು ಬಂದ ಮೇಲೆ ನಕಲಿಗೇನು ಕೆಲಸ.

ಮಧ್ಯಾಹ್ನ ಮತ್ತೆ ಯಾರ್ಡು. ಸಂಡೂರಿನಲ್ಲಿ ಅದಿರು ತುಂಬಿಕೊಂಡ ಲಾರಿ ರಿವರ್ಸಿಗೆ ಬಂತು. "ಯೇಯ್, ತಿರುಗಿ ನೋಡ್ರಿ!" ಎಲ್ಲರೂ ತಿರುಗಿದರು, ಲಾರಿಯ ಕಡೆಗೇ. ಜಾಗ ಖಾಲಿಯಾಯಿತು. ಡ್ರೈವರಣ್ಣ ಇಳಿಯುತ್ತಾನೇನೋ ಎಂದು ನಾವು ಲಾರಿಯ ಬಾಗಿಲನ್ನೇ ನೋಡುತ್ತ ನಿಂತೆವು. ಅದು ತೆರೆಯಲಿಲ್ಲ. ಕಿಟಕಿಯಿಂದ ಒಂದು ತಲೆ ಹೊರಬಂತು, ಕನ್ನಡಿ ನೋಡಿತು, ಒಳಗೆ ಹೋಯಿತು. ಲಾರಿ ತಡೆಯದೆ ಹಿಂದಕ್ಕೆ ಸಾಗಿತು. ಅವ್ವ ಬದಿಯಲ್ಲಿ ನಿಂತು, "ಬಾ, ಬಾ, ಇನ್ನೂ ಜಾಗ ಐತಿ," ಎಂದು ಕೈಬೀಸಿದಳು. ಅದಿರು ಸುರಿದು ಕೆಂಪು ಮೋಡ ಎದ್ದಿತು.

"ಈಗರ ಹಳೇ ಸಿಡಿ ಬಿಸಾಕೋಣೇನು ಮಾವ?" ಅಂದೆ.

ಮಾವ ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ಲಾರಿಯನ್ನೇ ನೋಡುತ್ತಿದ್ದ. "ತಡಿಯಲೇ. ಇನ್ನೊಂದು ಟ್ರಿಪ್ ಬರಲಿ."

ಡ್ರೈವರಣ್ಣ ಸಂಡೂರಿನ ಕಡೆಗೆ ಹೊರಟ, ಹಾರ್ನು ಹೊಡೆಯುತ್ತ. ನಾವು ಅವ್ವನ ಕೊಡದ ಪಕ್ಕ ಕೂತು ಮಜ್ಜಿಗೆ ಕುಡಿಯುತ್ತ ಅವನು ತಿರುಗಿ ಬರುವುದನ್ನು ಕಾದೆವು. ಬಂದ. ಆ ಸಲವೂ ಇಳಿಯಲಿಲ್ಲ.