ಮೂರು ಬಾಯಿ ದಾಟಿದ ಮಾತು

ಬೆಳಗಿನ ಐದೂವರೆ. ಮರಳೂರಿನ ಒಂದು ಸಣ್ಣ ಮನೆಯಲ್ಲಿ ದೇವರ ಗೂಡಿನ ದೀಪ ಹತ್ತಿದೆ. ದೀಪಕ್ಕೆ ಕೈಮುಗಿದ ಕದರಯ್ಯ ಅದೇ ಗೂಡಿನ ಕೆಳಗಿರುವ ಮರದ ಪೆಟ್ಟಿಗೆಯಿಂದ ಎರಡು ಉದ್ದನೆಯ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಒಂದರದು ಕೆಂಪು ರಟ್ಟು, ಇನ್ನೊಂದರದು ನೀಲಿ. ಅಂಗಿಯ ಜೇಬಿನಲ್ಲಿ ನಿನ್ನೆಯ ಚೀಟಿಗಳಿವೆ. ಫೋನಿನಲ್ಲಿ, ಬಸ್ಸಿನಲ್ಲಿ, ಶಾಲೆಯ ಲ್ಯಾಬಿನಲ್ಲಿ ಕಿವಿಗೆ ಬಿದ್ದ ಮಾತುಗಳು ಅವು. ಒಂದೊಂದನ್ನೇ ನೀಲಿ ಪುಸ್ತಕಕ್ಕೆ ಇಳಿಸುತ್ತಾರೆ. ಈಗಾಗಲೇ ಅಲ್ಲಿರುವ ಮಾತಾದರೆ ಅದರ ಮುಂದೆ ಒಂದು ಗೀಟು ಎಳೆಯುತ್ತಾರೆ. ಮೂರು ಗೀಟು ತುಂಬಿದ ದಿನ ಆ ಮಾತು ಕೆಂಪು ಪುಸ್ತಕಕ್ಕೆ ಹೋಗುತ್ತದೆ. ಇವತ್ತು ಯಾವುದೂ ತುಂಬಿಲ್ಲ.

ಕದರಯ್ಯ ಅವರಿಗೆ ಐವತ್ತೆರಡು ವರ್ಷ. ಹುಟ್ಟಿದ್ದು ಊರ್ಡಿಗೆರೆಯ ಹತ್ತಿರ, ಓದಿದ್ದು ಐಟಿಐ. ತುಮಕೂರಿನ ಒಂದು ಅಂಗಡಿಯಲ್ಲಿ ಹದಿನೈದು ವರ್ಷ ಕಂಪ್ಯೂಟರ್ ಜೋಡಿಸಿ, ಈಗ ಒಂದು ಸಣ್ಣ ಟ್ರಸ್ಟಿನಲ್ಲಿದ್ದಾರೆ. ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮೂವತ್ತೊಂದು ಶಾಲೆ ಮತ್ತು ಗ್ರಂಥಾಲಯಗಳಿಗೆ ಕೊಟ್ಟಿರುವ ಟ್ರಸ್ಟು ಅದು. ಆ ಯಂತ್ರಗಳನ್ನೆಲ್ಲ ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಊರಬಾವಿಯ ಹಾಗೆ ಅದು. ಯಾರು ಬೇಕಾದರೂ ಸೇದಿಕೊಳ್ಳಬಹುದು. ಯಂತ್ರ ಕೆಟ್ಟರೆ ಹೋಗಿ ನೋಡುವುದು ಕದರಯ್ಯನವರ ನೌಕರಿ. ಲಿನಕ್ಸ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಪದಕೋಶ ನಡೆಸುವುದು ಯಾರೂ ಹೇಳದೆ ಅವರೇ ತಲೆಗೆ ಹೊತ್ತುಕೊಂಡ ಕೆಲಸ. ಹನ್ನೊಂದು ವರ್ಷವಾಯಿತು. ಕೆಂಪು ಪುಸ್ತಕದಲ್ಲಿ ಇವತ್ತಿಗೆ ನಾನೂರ ಹದಿನೆಂಟು ಮಾತುಗಳಿವೆ.

ಪದಕೋಶ ಶುರುವಾದದ್ದು ಒಂದು ಬಸ್ ಪ್ರಯಾಣದಿಂದ. ಮೊದಲ ವರ್ಷ ಗುಬ್ಬಿ ಕಡೆಯ ಒಂದು ಶಾಲೆಯಿಂದ ಫೋನು ಬಂತು. ಮೇಡಂ ಒಬ್ಬರು ಪರದೆಯ ಮೇಲಿದ್ದ ಇಂಗ್ಲಿಷನ್ನು ಒಂದೊಂದೇ ಅಕ್ಷರವಾಗಿ ಅರ್ಧ ಗಂಟೆ ಓದಿದರು. ಇವರಿಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಎರಡು ಬಸ್ ಬದಲಿಸಿ ಹೋಗಿ ನೋಡಿದರೆ ಆಗಬೇಕಿದ್ದದ್ದು ಒಂದೇ ಒಂದು ಕ್ಲಿಕ್. ಆ ವಸ್ತುವಿಗೆ ಇಬ್ಬರಿಗೂ ಗೊತ್ತಿರುವ ಒಂದು ಹೆಸರಿದ್ದರೆ ಫೋನಿನಲ್ಲೇ ಮುಗಿಯುತ್ತಿತ್ತಲ್ಲ ಎಂದು ವಾಪಸ್ ಬರುವಾಗ ಕಿಟಕಿಯ ಪಕ್ಕ ಕೂತು ಯೋಚಿಸಿದರು.

ಮೊದಲು ನಿಘಂಟು ಇಟ್ಟುಕೊಂಡು ಒಬ್ಬರೇ ನೂರಿಪ್ಪತ್ತು ಪದ ಕಟ್ಟಿದರು. ಎಲ್ಲ ಲ್ಯಾಬಿನ ಗೋಡೆಗೂ ಅಂಟಿಸಿದರು. ಒಂದು ವರ್ಷ ಕಾದರೂ ಒಂದು ಪದವೂ ಯಾರ ಬಾಯಿಗೂ ಬರಲಿಲ್ಲ. ಗುಬ್ಬಿಯ ಗ್ರಂಥಾಲಯ ನೋಡಿಕೊಳ್ಳುವ ಅಡವಿಯಪ್ಪ ಕೊನೆಗೆ ಹೇಳಿದರಂತೆ: "ಕದರಯ್ಯ, ನಿನ್ ಪಟ್ಟಿ ಓದಕ್ಕೆ ಚೆನ್ನಾಗೈತೆ, ಲಗ್ನಪತ್ರಿಕೆ ಇದ್ದಂಗೆ. ಆದ್ರೆ ಮನೇಲಿ ಹೆಂಡ್ತೀನ ಕೂಗೋವಾಗ ಯಾರಾದ್ರೂ ಚಿ.ಸೌ. ಅಂತಾರಾ?"

ಅಂದು ಆ ಪಟ್ಟಿಯನ್ನು ಹರಿದುಹಾಕಿ ಒಂದು ನೇಮ ಮಾಡಿಕೊಂಡರು. ಮಾತು ಯಾರದ್ದೇ ಆಗಲಿ, ಅದು ಮೂರು ಬಾಯಿ ದಾಟಬೇಕು. ಮೂವರೂ ಬೇರೆ ಬೇರೆ ಊರಿನವರಾಗಿರಬೇಕು. ಆ ಮೂವರಲ್ಲಿ ಯಾರಿಗೂ ಕದರಯ್ಯನವರೇ ಅದನ್ನು ಹೇಳಿಕೊಟ್ಟಿರಬಾರದು. "ನಾನು ಹೇಳ್ಕೊಟ್ಟಿದ್ದನ್ನ ಅವ್ರು ವಾಪಸ್ ಹೇಳಿದ್ರೆ ಅದು ಗಿಳಿಪಾಠ. ಅದಕ್ಕೆ ಗೀಟಿಲ್ಲ" ಎನ್ನುತ್ತಾರೆ. ತಮ್ಮದೇ ಮಾತಿದ್ದರೆ ಯಾರೋ ಒಬ್ಬರ ಕಿವಿಗೆ ಹಾಕಿ ಸುಮ್ಮನಾಗುತ್ತಾರೆ. ಅದು ತಾನಾಗಿ ಮೊಳೆತು ಇನ್ನೆಲ್ಲೋ ಕೇಳಿಸಬೇಕು. ಮೂರು ತಿಂಗಳಿಗೊಮ್ಮೆ, ಕೆಂಪು ಪುಸ್ತಕ ಸೇರಿದ ಮಾತುಗಳ ಹೊಸ ಕಾಗದ ಎಲ್ಲ ಲ್ಯಾಬಿಗೂ ಹೋಗುತ್ತದೆ. ದಿನಕ್ಕೆ ಇಪ್ಪತ್ತು ಫೋನು ಬಂದರೆ ಹದಿನೈದು ಈಗ ಫೋನಿನಲ್ಲೇ ಬಗೆಹರಿಯುತ್ತವೆ.

ಕೇಳಲು ಇದು ನೆಮ್ಮದಿಯ ಕಥೆ. ಆದರೆ ಕದರಯ್ಯನವರ ಒಳಗೆ ಏಳೆಂಟು ವರ್ಷದಿಂದ ಒಂದು ಕೆಂಡವಿದೆ. ಅದಕ್ಕೆ ಒಂದು ಹೆಸರೂ ಇದೆ. ಕೊಲ್ಲಾಪುರಮ್ಮ.

ಕೊಲ್ಲಾಪುರಮ್ಮ ಕುಣಿಗಲ್ ಆಚೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಅಟೆಂಡರ್. ಓದಿದ್ದು ಏಳನೇ ತರಗತಿ. ಬೆಳಿಗ್ಗೆ ಏಳಕ್ಕೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಇರುವುದರಿಂದ ಆರೂವರೆಗೇ ಬಂದು ಲ್ಯಾಬು ಗುಡಿಸಿ, ಹನ್ನೆರಡು ಯಂತ್ರ ಒರೆಸಿ, ಒಂದೊಂದನ್ನೇ ಎಬ್ಬಿಸುತ್ತಾರೆ. ಏಳದಿದ್ದರೆ ಕದರಯ್ಯನವರಿಗೆ ಫೋನು. ಪೆನ್‌ಡ್ರೈವನ್ನು ಯಂತ್ರಕ್ಕೆ ಜೋಡಿಸಿ, ಮತ್ತೆ ಹೇಳಿ ಬಿಡಿಸಿಕೊಳ್ಳುವ ಕ್ರಮವೊಂದಿದೆ ಲಿನಕ್ಸಿನಲ್ಲಿ. ಹೇಳದೆ ಕಿತ್ತರೆ ಒಳಗಿನದು ಹಾಳಾಗುತ್ತದೆ. ಒಂದು ದಿನ ಆಕೆ ಫೋನಿನಲ್ಲಿ, "ಸಾ, ಗಣಿತದ ಮೇಷ್ಟ್ರು ಕಣ್ಣಿ ಬಿಚ್ಚದೇ ಎಳ್ಕಂಡ್ಬುಟ್ರು, ಈಗ ಒಳಗಿಂದೆಲ್ಲ ಕಾಣಾಕಿಲ್ಲ" ಎಂದರು. ಹಸುವನ್ನು ಗೂಟಕ್ಕೆ ಕಟ್ಟುವ ಹಗ್ಗದ ಕಣ್ಣಿ ಅದು. ತಿಂಗಳು ತುಂಬುವುದರೊಳಗೆ ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿ ಹುಡುಗರು 'ಕಣ್ಣಿ ಬಿಚ್ಚೋ ಮೊದ್ಲು' ಎಂದು ಬೈದಾಡುವುದು ಕೇಳಿಸಿತು. ತಿಂಗಳ ಸಭೆಗೆ ತುಮಕೂರಿಗೆ ಬರುವ ಮೇಷ್ಟ್ರುಗಳ ಬಾಯಲ್ಲಿ ಆಕೆಯ ಮಾತು ಊರೂರು ಸುತ್ತುತ್ತದೆ.

ನಾನೂರ ಹದಿನೆಂಟರಲ್ಲಿ ಐವತ್ತೇಳು ಕೊಲ್ಲಾಪುರಮ್ಮನವು. ಕದರಯ್ಯನವರವು ಒಂಬತ್ತು.

"ಹೊಟ್ಟೆಕಿಚ್ಚು ಸಾರ್, ಅದಕ್ಕೆ ಬೇರೆ ಹೆಸ್ರಿಲ್ಲ. ಅವಮ್ಮ ಫೋನಲ್ಲಿ ಒಂದು ಮಾತು ಅಂದ್ರೆ ನಂಗೆ ಅದನ್ನ ಚೀಟೀಲಿ ಬರ್ಕೊಳ್ಳಕ್ಕೇ ಮನ್ಸು ಬರಲ್ಲ. ನಾನು ಆರು ತಿಂಗಳು ಕೂತು ತೆಗೆದ ಮಾತು ಯಾರ ನಾಲಿಗೆಗೂ ಹತ್ತಲ್ಲ. ಅವ್ರು ಕಸ ಗುಡಿಸ್ತಾ ಅಂದಿದ್ದು ಮುಂದಿನ ತಿಂಗಳು ಗುಬ್ಬೀಲಿ ಓಡಾಡ್ತಿರುತ್ತೆ" ಎನ್ನುವ ಅವರ ದನಿಯಲ್ಲಿ ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ವೈದ್ಯರ ಮುಂದೆ ಕೂತು ನೋವು ಎಲ್ಲಿದೆಯೆಂದು ತೋರಿಸುವವರ ಹಾಗೆ ಹೇಳುತ್ತಾರೆ.

ಮನೆಯಲ್ಲೂ ಇದು ಗುಟ್ಟಲ್ಲ. ಬೆಳಿಗ್ಗೆ ಆರೂವರೆಯ ಮೇಲೆ ಫೋನು ಸದ್ದು ಮಾಡಿದರೆ ಸಾಕು, ಹೆಂಡತಿ ವಾಣಿಶ್ರೀ ಅಡುಗೆಮನೆಯಿಂದಲೇ, "ತಗೊಳ್ಳಿ, ನಿಮ್ ಸವತಿದು ಫೋನು" ಎನ್ನುತ್ತಾರೆ. ಸವತಿ ಹೆಂಡತಿಗಲ್ಲವೇ ಬರುವುದು ಎಂದು ಇವರು ಒಮ್ಮೆ ಕೇಳಿದ್ದಕ್ಕೆ, ನನಗಿಲ್ಲದ ಮತ್ಸರ ನಿಮಗಿದ್ದ ಮೇಲೆ ಆಕೆ ನಿಮ್ಮ ಸವತಿಯೇ ಎಂದು ಉತ್ತರ ಬಂತಂತೆ.

ಮತ್ಸರ ಮನಸ್ಸಿನಲ್ಲೇ ಇದ್ದಿದ್ದರೆ ಅದು ಅವರಿಗೂ ದೇವರಿಗೂ ಬಿಟ್ಟದ್ದಾಗಿತ್ತು. ಒಂದು ಸಲ ಅದು ಪುಸ್ತಕಕ್ಕೂ ಇಳಿಯಿತು.

ಯಂತ್ರದಲ್ಲಿ ಕೆಲಸದ ಜಾಗ ತುಂಬಿಹೋದಾಗ, ಸದ್ಯಕ್ಕೆ ಬೇಡವಾದದ್ದನ್ನು ಲಿನಕ್ಸು ಡಿಸ್ಕಿನ ಒಂದು ಮೂಲೆಗೆ ಸರಿಸಿಡುತ್ತದೆ. ಬೇಕಾದಾಗ ಮತ್ತೆ ತರುತ್ತದೆ. ಹಾಗೆ ಇಟ್ಟು ತೆಗೆಯುವಾಗ ಯಂತ್ರ ನಿಧಾನವಾಗುತ್ತದೆ. ಇದಕ್ಕೆ ಕದರಯ್ಯ 'ವಿನಿಮಯ ಸ್ಮೃತಿ' ಎಂಬ ಪದ ಕಟ್ಟಿದ್ದರು. ಹೇಗೋ ಅದು ಮೂರು ಬಾಯಿ ದಾಟಿತ್ತು. ಮೂವರೂ ಮೇಷ್ಟ್ರುಗಳೇ. ಆಗಿದ್ದ ತಮ್ಮ ಹತ್ತು ಮಾತುಗಳಲ್ಲಿ ಕದರಯ್ಯನವರಿಗೆ ಬಲು ಪ್ರೀತಿಯದ್ದು ಅದು. ಮೂರು ವರ್ಷದ ಹಿಂದೆ ಕೊಲ್ಲಾಪುರಮ್ಮ, ಯಂತ್ರ ಯಾಕೆ ತೆವಳುತ್ತಿದೆ ಎಂದು ಕೇಳಿದರು. ಇವರು ವಿವರಿಸಿದರು. ಆಕೆ ಕೇಳಿಸಿಕೊಂಡು, "ಅಟ್ಟಕ್ಕಾಕ್ತೈತೆ ಅನ್ನಿ" ಎಂದರು.

ಕೊಬ್ಬರಿಯ ಸೀಮೆಯಲ್ಲಿ ಅಟ್ಟ ಎಂದರೆ ವಿವರಿಸಬೇಕಾಗಿಲ್ಲ. ಕೆಳಗೆ ಜಾಗ ಸಾಲದ್ದೆಲ್ಲ ಮೇಲೆ ಹೋಗುತ್ತದೆ. ಇಳಿಸಬೇಕೆಂದರೆ ಏಣಿ ಹಾಕಬೇಕು, ಹತ್ತಬೇಕು, ಹೊತ್ತು ಹಿಡಿಯುತ್ತದೆ. ಆ ಕ್ಷಣವೇ ಕದರಯ್ಯನವರಿಗೆ ತಮ್ಮ ಮಾತಿನ ಆಯಸ್ಸು ಮುಗಿಯಿತೆಂದು ತಿಳಿಯಿತು. ಎರಡು ತಿಂಗಳಲ್ಲಿ ಅಟ್ಟದ ಮುಂದೆ ಮೂರು ಗೀಟು ಬಿತ್ತು. ಕೆಂಪು ಪುಸ್ತಕದಲ್ಲಿ ತಮ್ಮ ಮಾತನ್ನು ಹೊಡೆದುಹಾಕಿ ಅದನ್ನು ಬರೆಯಬೇಕಿತ್ತು. ಅವರು ಬರೆಯಲಿಲ್ಲ. ನಾಲ್ಕನೇ ಗೀಟು, ಐದನೇ ಗೀಟು ಎಂದು ನೀಲಿ ಪುಸ್ತಕದಲ್ಲೇ ಎಳೆಯುತ್ತಾ ಕೂತರು. ಹೀಗೆ ಹದಿನಾಲ್ಕು ತಿಂಗಳು. ಕೊನೆಗೆ ಗುಬ್ಬಿಯ ಅಡವಿಯಪ್ಪನೇ ಫೋನು ಮಾಡಿ, ಯಂತ್ರ ಬೆಳಗಿಂದ ಅಟ್ಟ ಹತ್ತಿ ಇಳಿಯುತ್ತಿದೆ ಎಂದಾಗ, ಬೆಳಗಿನ ದೀಪದ ಮುಂದೆ ಕೂತು ತಮ್ಮ ಮಾತಿನ ಮೇಲೆ ಗೆರೆ ಎಳೆದರು. ಯಾರಿಗೂ ಹೇಳಲಿಲ್ಲ. ಅವರ ಹತ್ತು ಮಾತು ಒಂಬತ್ತಾಯಿತು.

ಈ ವರ್ಷ ಟ್ರಸ್ಟಿನವರು ಪದಕೋಶವನ್ನು ಅಚ್ಚು ಹಾಕಿಸಲು ಹೊರಟಿದ್ದಾರೆ. ಅದನ್ನು ನೋಡಿಕೊಳ್ಳುತ್ತಿರುವ ಸಂಗಮೇಶ್ ಎಂಬ ಯುವಕ ರಕ್ಷಾಪುಟದ ಕಾಗದ ತಂದು ತೋರಿಸಿದರು. ಕೆಳಗೆ 'ಸಂಪಾದಕರು: ಕದರಯ್ಯ' ಎಂದಿತ್ತು. ಮತದಾರರ ಪಟ್ಟಿ, ಮದುವೆಯ ಪತ್ರಿಕೆ ಬಿಟ್ಟರೆ ಅವರ ಹೆಸರು ಅಚ್ಚಾದದ್ದು ಅದೇ ಮೊದಲು. ಎರಡು ದಿನ ಆ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡರು.

ಮೂರನೇ ದಿನ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತಂತೆ. ಇಬ್ಬರು ದೇವರ ಅಭಿಷೇಕಕ್ಕೆ ನೀರು ಹೊರುತ್ತಿದ್ದರು. ಪೂಜಾರಿ ಇಬ್ಬರ ನೀರನ್ನೂ ಒಂದೇ ಹಂಡೆಗೆ ಸುರಿದ. ಒಬ್ಬ ಕೈಮುಗಿದು ಮನೆಗೆ ಹೋದ. ಇನ್ನೊಬ್ಬ ಸಂಜೆಯವರೆಗೂ ಹಂಡೆಗೆ ಬಗ್ಗಿ, ಇದರಲ್ಲಿ ನನ್ನ ನೀರು ಯಾವುದು ಎಂದು ನೋಡುತ್ತಾ ನಿಂತ. ಅಭಿಷೇಕ ಅವನ ಬೆನ್ನ ಹಿಂದೆ ಮುಗಿದುಹೋಗಿತ್ತು. "ಆ ಎರಡನೇವ್ನು ನಾನೇ" ಎನ್ನುತ್ತಾರೆ ಕದರಯ್ಯ.

ಪ್ರತಿ ಮಾತಿನ ಎದುರಿಗೆ ಅದನ್ನು ಕೊಟ್ಟವರ ಹೆಸರು ಹಾಕಬೇಕೆಂದು ಸಂಗಮೇಶರಿಗೆ ಹೇಳಿದರು. ಹಾಕಿದರೆ ನಿಮ್ಮವು ಒಂಬತ್ತೇ ಎಂದು ಎಲ್ಲರಿಗೂ ಕಾಣುತ್ತದೆ, ಯೋಚಿಸಿ ಎಂದರು ಸಂಗಮೇಶ್. ಮತ್ತೆರಡು ದಿನ ಯೋಚಿಸಿ, ಹಾಕಿ ಎಂದರು. ರಕ್ಷಾಪುಟದ ಹೆಸರು? ಕದರಯ್ಯ ಹೇಳುತ್ತಾರೆ: "ಅದನ್ನ ತೆಗೀರಿ ಅನ್ನೋ ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಅದು ಇರ್ಲಿ."

ಪಟ್ಟಿ ಅಚ್ಚಿಗೆ ಹೋಗುವ ಮುಂಚೆ ಒಂದು ಶನಿವಾರ ಕುಣಿಗಲ್ ಬಸ್ಸು ಹತ್ತಿದರು. ಅಟ್ಟದ ಎದುರು ಹೆಸರು ಬರೆಯುವ ಮೊದಲು ಹೆಸರಿನವರಿಗೆ ನಿಜ ಹೇಳಬೇಕಿತ್ತು. ಕೊಲ್ಲಾಪುರಮ್ಮ ಯಂತ್ರ ಒರೆಸುತ್ತಿದ್ದರು. ಇವರು ಬಾಗಿಲಲ್ಲೇ ನಿಂತು ಎಲ್ಲ ಹೇಳಿ ಮುಗಿಸಿದರು. ಆಕೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬುಡಿ ಸಾ. ಗೋಡೆ ಕಾಗ್ದ ಒರ್ಸೋಳು ನಾನೇ ಅಲ್ವಾ? ಹೊಸ ಕಾಗ್ದ ಬಂದಾಗ್ಲೆಲ್ಲ ನೋಡೋಳು. ಅಟ್ಟ ಇರ್ತಿರ್ನಿಲ್ಲ. ನಾಕ್ ಕಾಗ್ದ ಅಂಗೇ ಓಯ್ತು. ಐದ್ನೇದ್ರಲ್ಲಿ ಬಂತು. ಅವತ್ತು ಬೆಲ್ಲ ಜಾಸ್ತಿ ಹಾಕ್ಕಂಡು ಕಾಪಿ ಕುಡ್ದೆ."

ಒಂದು ಮಾತು ಕೇಳಬಹುದಿತ್ತಲ್ಲ ಎಂದರು ಕದರಯ್ಯ.

"ಕೇಳಿದ್ರೆ ನೀವು ನಾಚ್ಕಂಡು ಬರೀತಿದ್ರಿ. ಅಂಗ್ ಬರ್ಸ್ಕಂಡಿದ್ದು ಯಾರ್ಗ್ ಬೇಕು ಸಾ?"

ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, ಹಾಕಿ, ಊರಿನ ಹೆಸರನ್ನೂ ಸೇರಿಸಿ, ಈ ಕಡೆ ಮೂವರು ಕೊಲ್ಲಾಪುರಮ್ಮಂದಿರಿದ್ದೇವೆ ಎಂದರು. ಹೊರಡುವ ಮುಂಚೆ ಮೂರನೇ ಯಂತ್ರ ನೋಡುವಾಗ ಕದರಯ್ಯನವರ ಬಾಯಿಂದ ತಮ್ಮದೇ ಒಂದು ಮಾತು ಜಾರಿತು. ಚಿತ್ರಗಳೇನೂ ಇಲ್ಲದ ಕಪ್ಪು ಪರದೆಯಲ್ಲಿ, ನಮ್ಮ ಆಜ್ಞೆಗೆ ಕಾಯುತ್ತಾ ಒಂದು ಗೆರೆ ಮಿನುಗುತ್ತದೆ. ಅದಕ್ಕೆ ಅವರು ಇಟ್ಟ ಹೆಸರು 'ಅಪ್ಪಣೆಗೆರೆ'. ಎರಡು ವರ್ಷದಿಂದ ನೀಲಿ ಪುಸ್ತಕದಲ್ಲಿದೆ. ಒಂದು ಗೀಟೂ ಬಿದ್ದಿಲ್ಲ. ಆಕೆ ಕೇಳಿಸಿಕೊಂಡಂತೆಯೂ ಕಾಣಲಿಲ್ಲ.

ಮತ್ಸರ ಹೋಯಿತೇ ಎಂದರೆ ತಲೆಯಾಡಿಸುತ್ತಾರೆ. "ಎಲ್ಲಿ ಹೋಗುತ್ತೆ? ಇದೆ. ಈಗ ಅವಮ್ಮನ ತಾಳ್ಮೆ ಮೇಲೂ ಹೊಟ್ಟೆಕಿಚ್ಚು. ಪುಸ್ತಕ ಬರುತ್ತೆ, ಬರ್ಲಿ. ನಂಗಿರೋದು ಒಂದೇ ಆಸೆ. ನನ್ನದೊಂದು ಮಾತು ಅವಮ್ಮನ ಬಾಯಲ್ಲಿ ಕೇಳ್ಬೇಕು."

ಆರೂ ಮುಕ್ಕಾಲು. ಕಿಟಕಿಯಾಚೆ ಬೆಳಕು ಬಿದ್ದಿದೆ. ಮೇಜಿನ ಮೇಲೆ ಫೋನು ಗುನುಗುತ್ತದೆ. "ಸವತಿ" ಎನ್ನುತ್ತಾರೆ ವಾಣಿಶ್ರೀ ಒಳಗಿನಿಂದ. ಕದರಯ್ಯ ಪೆನ್ನು ಹಿಡಿದೇ ಸ್ಪೀಕರ್ ಒತ್ತುತ್ತಾರೆ.

"ಸಾ, ಮೂರ್ನೇದು ಎದ್ದೈತೆ. ಆದ್ರೆ ಪಟ ಬಂದಿಲ್ಲ. ಬರೀ ಅಪ್ಪಣೆಗೆರೆ ಮಿಣಮಿಣ ಅಂತ ನಿಂತೈತೆ."

ಕದರಯ್ಯ ಫೋನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಆಮೇಲೆ ಏನು ಒತ್ತಬೇಕೆಂದು ನಿಧಾನವಾಗಿ ಹೇಳುತ್ತಾರೆ. ಆಚೆ ಕಡೆ ಪಟ ಬರುತ್ತದೆ, ಫೋನು ನಿಲ್ಲುತ್ತದೆ. ನೀಲಿ ಪುಸ್ತಕ ತಿರುವಿ ಆ ಪುಟ ತೆಗೆಯುತ್ತಾರೆ. ಪೆನ್ನಿನ ಮೊನೆ ಆ ಮಾತಿನ ಮುಂದಿನ ಖಾಲಿ ಜಾಗದ ತನಕ ಹೋಗಿ ನಿಲ್ಲುತ್ತದೆ. ಅಲ್ಲಿಂದಲೇ ವಾಪಸ್ ಬರುತ್ತದೆ.

"ಗೀಟು ಹಾಕಂಗಿಲ್ಲ. ಅವತ್ತು ಅವ್ರ ಮುಂದೆ ನಾನೇ ಅಂದಿದ್ದೆ" ಎಂದು ಪುಸ್ತಕ ಮುಚ್ಚುತ್ತಾರೆ. ಎರಡನ್ನೂ ದೀಪದ ಕೆಳಗಿನ ಪೆಟ್ಟಿಗೆಯಲ್ಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ:

"ಆದ್ರೂ ಅವಮ್ಮನ ಬಾಯಲ್ಲಿ ಚೆನ್ನಾಗೇ ಕೇಳಿಸ್ತು."