ಹಾಲು ಉಕ್ಕಿಸದ ಮನೆ

ಮಂಗಳೂರಿನ ಸೆಕೆ ತಾಳಲಾರದ ಹೆಂಡತಿಗಾಗಿ ಅಲ್ಲೇ ಜೆಪ್ಪುವಿನಲ್ಲಿದ್ದ ನಮ್ಮ ಜಾಗದಲ್ಲಿ ಅರ್ಧ ಮಾರಿ, ಮಡಿಕೇರಿಯ ಬೆಟ್ಟದ ಮೇಲೆ ವಿಲ್ಲಾ ಕೊಂಡೆ. ಬೀಗದ ಕೈ ಸಿಕ್ಕಿದ ಮಧ್ಯಾಹ್ನವೇ ಅವಳು ಕಾರಿನಿಂದ ಚಾಪೆ ತಂದು, ಕಣಿವೆ ಕಾಣುವ ಕೋಣೆಯಲ್ಲಿ ಬಿಡಿಸಿದಳು.

“ಒಂದು ಗಳಿಗೆ ಮಲಗ್ತೇನೆ.”

ನಾನು ಪುರೋಹಿತರ ಮಗ; ಬ್ಯಾಂಕಿನ ಕೆಲಸದಲ್ಲಿದ್ದರೂ ನೆಂಟರಿಗೆಲ್ಲ ಮುಹೂರ್ತ ನೋಡಿಕೊಡುವವನು. “ಗೃಹಪ್ರವೇಶ ಆಗದೆ, ಹಾಲು ಉಕ್ಕಿಸದೆ ಮಲಗುವ ಕ್ರಮ ಇಲ್ಲ” ಎಂದು ಗದರಿದೆ.

“ಮಲಗಿದ್ರೆ ಎಂತ ಆಗ್ತದೆ ಮಾರಾಯ್ರೆ?” ಎನ್ನುತ್ತಲೇ ಅವಳು ಚಾಪೆ ಸುತ್ತಿದಳು.

ಇಬ್ಬರ ರಾಶಿಗೂ ಹೊಂದುವ ಲಗ್ನಕ್ಕಾಗಿ ಆ ಹಾಳು ಪಂಚಾಂಗ ತಿರುವುತ್ತ ನಾಲ್ಕು ತಿಂಗಳು ಕಳೆದೆ. ಗೃಹಪ್ರವೇಶಕ್ಕೆ ಒಂಬತ್ತು ದಿನ ಇರುವಾಗ ಅವಳ ಹೃದಯ ನಿಂತಿತು.

ಮೊನ್ನೆ ಒಬ್ಬನೇ ಹೋಗಿ, ಆ ಕೋಣೆಯಲ್ಲಿ ಅದೇ ಚಾಪೆ ಹಾಸಿ ಸಂಜೆಯವರೆಗೆ ಮಲಗಿದೆ. ಹಾಲು ಉಕ್ಕಿಸಿರಲಿಲ್ಲ, ದೀಪ ಹಚ್ಚಿರಲಿಲ್ಲ.

ಎಂತದೂ ಆಗಲಿಲ್ಲ.