ನಮ್ಮ ಕಾಲೇಜಿನ ಬೇಸ್‌ಬಾಲ್ ಟೀಮು ಇನ್ನು ಬರುವುದಿಲ್ಲ

ಕಳೆದ ಮಂಗಳವಾರ ಅರ್ಧ ದಿನ ರಜೆ ಹಾಕಿ, ನಾನು ಓದಿದ ಕಾಲೇಜಿನ ಸ್ಪೋರ್ಟ್ಸ್ ಆಫೀಸಿಗೆ ಹೋಗಿದ್ದೆ. ಜೊತೆಗೆ ಟೋನಿ ಇದ್ದ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಅಲ್ಲಿಯ ಬೇಸ್‌ಬಾಲ್ ಟೀಮಿನಲ್ಲಿದ್ದೆವು.

ಆ ಟೀಮನ್ನು ಮತ್ತೆ ಶುರು ಮಾಡಿ ಎಂದು ಕೇಳುವುದಕ್ಕೆ ಹೋಗಿದ್ದು.

ಕೆಲವರಿಗೆ ಇದು ಹುಚ್ಚು ಅನ್ನಿಸಬಹುದು. ಮೈಸೂರಿನಿಂದ ಈ ದೇಶಕ್ಕೆ, ಮಾರ್ಕಮ್‌ಗೆ ಬಂದಾಗ ನನಗೆ ಒಂಬತ್ತು ವರ್ಷ. ಇಂಗ್ಲಿಷ್ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಸ್ಕೂಲಿನಲ್ಲಿ ಮಧ್ಯಾಹ್ನ ಒಬ್ಬನೇ ಕೂತು ತಿನ್ನುತ್ತಿದ್ದೆ.

ಒಂದು ದಿನ ಜಿಮ್ ಟೀಚರ್ ಕೈಗೆ ಬ್ಯಾಟು ಕೊಟ್ಟರು. ಬೀದಿ ಕ್ರಿಕೆಟ್ ಆಡಿ ಪಳಗಿದ ಕೈ... ಚೆಂಡು ಬೇಲಿ ದಾಟಿ ಯಾರದೋ ಹಿತ್ತಿಲಿಗೆ ಬಿತ್ತು.

ಮರುದಿನ ಊಟದ ಹೊತ್ತಿಗೆ ನನ್ನ ಪಕ್ಕ ಮೂರು ಜನ ಬಂದು ಕೂತರು.

ಆಮೇಲೆ ಬೇಸಿಗೆ ಎಂದರೆ ಬೇಸ್‌ಬಾಲೇ. ಗ್ಲೌವ್ ಹಾಕಿಕೊಂಡೇ ಮಲಗುತ್ತಿದ್ದೆ. ಅಪ್ಪ ಮಾತ್ರ ಮೈದಾನದ ಹೊರಗೆ ಕಾರಿನಲ್ಲೇ ಕೂತಿರುತ್ತಿದ್ದರು, ಒಂದು ಆಟವನ್ನೂ ಇಳಿದು ಬಂದು ನೋಡಲಿಲ್ಲ.

ಕಾಲೇಜಿನಲ್ಲಿ ಎರಡು ವರ್ಷ ಆಡಿದೆ. ಮೂರನೇ ವರ್ಷದ ಶುರುವಿಗೆ ಒಂದು ಇಮೇಲ್ ಬಂತು. ಟೀಮನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಅಂತ.

ಆ "ಸದ್ಯಕ್ಕೆ" ಅನ್ನುವ ಮಾತನ್ನು ನಾನು ನಂಬಿದೆ. ಇಷ್ಟು ವರ್ಷ ನಂಬಿದೆ.

ಹೋದ ಚಳಿಗಾಲದಲ್ಲಿ ಟೋನಿಯೂ ನಾನೂ ಹಳೆಯ ಆಟಗಾರರನ್ನೆಲ್ಲ ಹುಡುಕಿ ಒಂದು ಪತ್ರಕ್ಕೆ ಸಹಿ ಹಾಕಿಸಿದೆವು. ಶನಿವಾರ, ಭಾನುವಾರ ನಾವೇ ಬಂದು ಕೋಚಿಂಗ್ ಮಾಡುತ್ತೇವೆ ಎಂದೂ ಬರೆದೆವು.

ಆಫೀಸಿನಲ್ಲಿದ್ದ ಮಹಿಳೆ ಒಳ್ಳೆಯವರೇ. ಪತ್ರವನ್ನು ಪೂರ್ತಿ ಓದಿದರು. "ಐ ಆ್ಯಮ್ ಸೋ ಸಾರಿ" ಎಂದರು. ಈಗಿನ ವಿದ್ಯಾರ್ಥಿಗಳು ಯಾರೂ ಬೇಸ್‌ಬಾಲ್ ಕೇಳುತ್ತಿಲ್ಲವಂತೆ. ಆ ಮೈದಾನದಲ್ಲಿ ಹಾಸ್ಟೆಲ್ ಕಟ್ಟುವುದು ಆಗಲೇ ತೀರ್ಮಾನವಾಗಿದೆಯಂತೆ.

ಟೋನಿ ಎದ್ದು ಹೊರಗೆ ನಡೆದ. ತನ್ನ ಕಾರಿನ ಹತ್ತಿರ ಬಂದ ಮೇಲೆ "ವೀ ಆರ್ ಡನ್, ಮ್ಯಾನ್" ಎಂದವನೇ ಸ್ಟೌಫ್‌ವಿಲ್ ಊರಿನ ತನ್ನ ಮನೆಗೆ ಹೊರಟುಹೋದ.

ನಾನು ಮೈದಾನಕ್ಕೆ ನಡೆದೆ. ಮೊಣಕಾಲುದ್ದ ಹುಲ್ಲು. ಎರಡನೇ ಬೇಸಿನ ಪಕ್ಕ ನಾನು ನಿಲ್ಲುತ್ತಿದ್ದ ಜಾಗ ಎಲ್ಲಿ ಅಂತಲೇ ಗೊತ್ತಾಗುತ್ತಿಲ್ಲ. ಕಾಲಲ್ಲಿ ಹುಲ್ಲು ಸರಿಸಿ ಹುಡುಕುತ್ತಿದ್ದೇನೆ... ಅಷ್ಟರಲ್ಲಿ ಅಪ್ಪನ ಫೋನು.

"ಏನಂದ್ರೋ?"

"ಆಗಲ್ಲ ಅಂದ್ರು ಅಪ್ಪ. ಗ್ರೌಂಡೂ ಇರಲ್ಲ ಇನ್ನು."



"ಅವತ್ತು ಟೀಮ್ ನಿಂತೋಯ್ತು ಅಂತ ಅಳ್ತಾ ಬಂದಿದ್ದೆ ನೀನು. ಒಳ್ಳೇದಾಯ್ತು ಬಿಡು, ಇನ್ನಾದ್ರೂ ಓದ್ಕೋ ಅಂದ್ಬಿಟ್ಟೆ ನಾನು. ಹಾಗನ್ಬಾರ್ದಿತ್ತು ಕಣೋ."

ಇಂಥ ಒಂದು ಮಾತನ್ನು ಅಪ್ಪ ಹೇಳಲಿ ಎಂದು ಒಂದು ಕಾಲದಲ್ಲಿ ಎಷ್ಟು ಹಂಬಲಿಸಿದ್ದೆ. ಈಗ ಅದು ಬಂದಾಗ ಒಳಗೆ ಏನೂ ಅಲುಗಾಡಲಿಲ್ಲ.

"ಪರವಾಗಿಲ್ಲ ಬಿಡಿ ಅಪ್ಪ" ಎಂದೆ. ಸುಳ್ಳು.

ನಾಲ್ಕು ದಿನವಾಯಿತು. ಟೋನಿ ಫೋನು ಎತ್ತುತ್ತಿಲ್ಲ. ಎತ್ತಿದರೂ ಏನು ಮಾತಾಡಬೇಕೋ ನನಗೆ ತಿಳಿಯದು. ಎಂಟು ತಿಂಗಳಿಂದ ನಾವು ಮಾತಾಡಿದ್ದೆಲ್ಲ ಇದೊಂದನ್ನೇ.

ವರ್ಷಗಟ್ಟಲೆ ಕಾದದ್ದು ಇನ್ನು ಬರುವುದೇ ಇಲ್ಲ ಎಂದು ಗೊತ್ತಾದ ಮೇಲೆ, ಆ ಕಾಯುವ ಅಭ್ಯಾಸವನ್ನು ನೀವು ಹೇಗೆ ಬಿಟ್ಟಿರಿ?